ಉಪ್ಪಿನ ಮಡಕೆಯೂ ಲಕ್ಷ ವರ್ಷವೂ

ಜೇಡಿಮಣ್ಣಿನೊಳಗೆ ವಿಕಿರಣ ವಸ್ತು ಎಷ್ಟು ನಿಧಾನವಾಗಿ ಸರಿಯುತ್ತದೆ ಎಂದು ಅಳೆಯುವುದು ನನ್ನ ಹೊಟ್ಟೆಪಾಡು. ಲ್ಯಾಬಿಗೆ ಮಣ್ಣು ಬೇಕೆಂದು ಕುಮಟಾ ಹತ್ತಿರದ ಒಂದು ಗದ್ದೆಗೆ ಹೋಗಿದ್ದೆ. ಗದ್ದೆಯ ಯಜಮಾನತಿ ಮಾದೇವಿಯಮ್ಮ ಸೊಂಟದ ಮೇಲೆ ಕೈಯಿಟ್ಟು, "ಎಂತಕ್ಕೆ ನಮ್ಮ ಮಣ್ಣು?" ಎಂದರು. ಅವರು ಹೂಂ ಎನ್ನದೆ ಒಂದು ಹಿಡಿಯೂ ಸಿಗುವಂತಿರಲಿಲ್ಲ.

"ಅಣು ಸ್ಥಾವರದ ಕಸ ಎಲ್ಲೋ ಆಳದಲ್ಲಿ ಹೂಳುವಾಗ ಸುತ್ತ ಜೇಡಿಮಣ್ಣು ತುಂಬುತ್ತಾರೆ. ಲಕ್ಷ ವರ್ಷವಾದರೂ ವಿಷ ಹೊರಗೆ ಬರಬಾರದು ನೋಡಿ" ಎಂದೆ. ಇಲ್ಲಿ ಏನೂ ಹೂಳುವುದಿಲ್ಲ ಎಂದು ಮೂರು ಸಲ ಹೇಳಿದೆ.

ಅವರು ನನ್ನನ್ನು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋಗಿ ಉಪ್ಪಿನ ಮಡಕೆ ತೋರಿಸಿದರು. ಅದರ ಹೊರಮೈಯೆಲ್ಲ ಬೆಳ್ಳಗೆ ಉಪ್ಪು ಕಟ್ಟಿತ್ತು.

"ಇದೂ ಮಣ್ಣೇ ಅಲ್ದಾ ಮಾರಾಯ್ರೆ? ಹೋದ ವಾರ ಒರೆಸಿದ್ದು. ಮತ್ತೆ ಬಂತು."

"ಅದು ಸುಟ್ಟ ಮಣ್ಣು, ಸಣ್ಣ ಸಣ್ಣ ತೂತು ಇರುತ್ತದೆ. ಹಸಿ ಜೇಡಿ ಹಾಗಲ್ಲ" ಎಂದೆ. ಉತ್ತರವೇನೋ ಸರಿಯಾಗಿಯೇ ಇತ್ತು.

"ಆತು. ಇದನ್ನ ವಾರ ವಾರ ನಾನು ಒರೆಸ್ತೆ. ನಿಮ್ಮದನ್ನ ಲಕ್ಷ ವರ್ಷ ಒರೆಸೂದು ಯಾರು?"

ನಾನು ಬೆರಳಿನಿಂದ ಮಡಕೆಯ ಉಪ್ಪು ಒರೆಸತೊಡಗಿದೆ. ಪಾಪ ಅನ್ನಿಸಿರಬೇಕು, ಕೊನೆಗೆ ಅವರೇ ತಮ್ಮ ಬಕೆಟ್ಟಿನಲ್ಲಿ ಮಣ್ಣು ತುಂಬಿಸಿ ಕೊಟ್ಟರು.

"ಬಕೆಟ್ ಮಾತ್ರ ಬೇಗ ತಂದು ಕೊಡಿ. ಲಕ್ಷ ವರ್ಷ ಮಾಡಬೇಡಿ."

ಮುಂದಿನ ತಿಂಗಳೇ ತರುತ್ತೇನೆ ಎಂದು ಮಾತು ಕೊಟ್ಟೆ. ಅದಾಗಿ ಎರಡು ಮಳೆಗಾಲ ಕಳೆದವು. ಲ್ಯಾಬಿನಲ್ಲಿ ಮಣ್ಣು ಮುಗಿದಿದೆ, ವರದಿಯೂ ಹೋಗಿದೆ. ಬಕೆಟ್ ಮಾತ್ರ ನನ್ನ ಮೇಜಿನ ಕೆಳಗಿನಿಂದ ಒಂದಿಂಚೂ ಸರಿದಿಲ್ಲ.