ದಪ್ಪ ಜಾಕೆಟ್ಟು

"ತೆಳ್ಳಂದು ತಗೊಳ್ರಿ ಅಜ್ಜಾರ, ಕಂಕುಳಾಗ ಗಾಳಿ ಆಡಾಕ ಜಿಪ್ಪ ಐತಿ" ಎಂದಳು ರಾಣೇಬೆನ್ನೂರಿನ ಸೈಕಲ್ ಅಂಗಡಿಯ ಹುಡುಗಿ.

ಗೆಳೆಯ ಗುರಪ್ಪ ಆ ತೆಳ್ಳನೆಯ ಮಳೆ ಜಾಕೆಟ್ಟು ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದ. ಮಳೆಗಾಲದಲ್ಲೂ ನಮ್ಮ ಬೆಳಗಿನ ಸೈಕಲ್ ಸವಾರಿ ತಪ್ಪಬಾರದೆಂದು ಹೋಗಿದ್ದೆವು. ಹೆಂಡತಿ ಹೋದ ಮೇಲೆ ಅವನು ಮನೆಯಿಂದ ಹೊರಬೀಳುತ್ತಿದ್ದುದು ಅದೊಂದಕ್ಕೇ.

ಬ್ಯಾಡಗಿ ಪೇಟೆಯಲ್ಲಿ ನಲವತ್ತು ವರ್ಷ ಮೆಣಸಿನಕಾಯಿಯನ್ನು ಮುಷ್ಟಿಯಲ್ಲಿ ಹಿಡಿದೇ ಗುಣ ಹೇಳಿದವನು ನಾನು. ಜಾಕೆಟ್ಟುಗಳನ್ನೂ ಹಾಗೆಯೇ ಹಿಚುಕಿ ನೋಡಿದೆ.

"ಇದರಾಗ ಏನೂ ಇಲ್ಲಲೇ, ಬರೇ ಕಾಗದದ ಹಾಳಿ. ದಪ್ಪಂದು ತಗೋ."

"ಅದರಾಗ ಬೆವರು ಒಳಗ ನಿಲ್ತೈತ್ರಿ. ಆಮ್ಯಾಲ ಥಂಡಿ ಹತ್ತತೈತಿ."

"ಮಾಲು ನೋಡೂದು ನನಗ ಕಲಸ್ತೀಯೇನವಾ?"

ಗುರಪ್ಪ ನಕ್ಕ. "ಇವನ ಕೈ ಸುಳ್ಳಾಗಂಗಿಲ್ಲ ಬಿಡವಾ" ಎಂದು ಇಬ್ಬರಿಗೂ ದಪ್ಪದ್ದನ್ನೇ ಕಟ್ಟಿಸಿದ.

ಮೊದಲ ಮಳೆಗೇ ಹೊರಟೆವು. ಹೊರಗಿನ ಒಂದು ಹನಿಯೂ ಒಳಗೆ ಬರಲಿಲ್ಲ. ಆದರೆ ಏರು ಹತ್ತುವಷ್ಟರಲ್ಲಿ ಅಂಗಿ ಬೆವರಿನಿಂದ ತೊಯ್ದಿತ್ತು. ಇಳಿಜಾರಿನ ಗಾಳಿಗೆ ಅದೇ ಅಂಗಿ ಮೈ ಕೊರೆಯಿತು. ಗುರಪ್ಪನ ಹಲ್ಲು ಕಟಕಟ ಎನ್ನುತ್ತಿದ್ದವು. ಬ್ರೇಕು ಹಿಡಿಯಲು ಬೆರಳು ಮಡಚದೆ ರಸ್ತೆ ಪಕ್ಕದ ಕೆಸರಿಗೆ ಬಿದ್ದ. ಟೆಂಪೋದಲ್ಲಿ ಮನೆಗೆ ಕರೆತಂದೆ.

ಪೆಟ್ಟಾಗಿರಲಿಲ್ಲ. ತಪ್ಪು ನನ್ನದು, ತೆಳ್ಳನೆಯದು ತರೋಣ ಎಂದು ಹೇಳಲೆಂದೇ ಮರುದಿನ ಅವನ ಮನೆಗೆ ಹೋದೆ. ಬಾಯಿಂದ ಬಂದದ್ದು ಬೇರೆ.

"ಎಲ್ಲಾ ಜಾಕೆಟ್ಟೂ ಹಿಂಗಽ."

ಅವನು ಅದನ್ನೂ ನಂಬಿದ. "ಹಂಗಾರ ಸೈಕಲ್ಲು ನಮ್ಮಂಥವ್ರಿಗೆ ಅಲ್ಲ ಬಿಡು" ಎಂದ.

ವಾರದೊಳಗೆ ಸೈಕಲ್ ಮಾರಿದ.