ಬೀರುವಿನೊಳಗಿನ ಮರದ ಕುದುರೆಗಳು

ಐದು ವರ್ಷದ ಮೆಹಬೂಬನ ಅಂಗೈ ಮೇಲೆ ಹೆಡ್‌ಮೇಷ್ಟ್ರ ಬೆತ್ತ ಮೂರು ಸಲ ಬಿತ್ತು. ನಾನು ಎಣಿಸಿದೆ, ತಡೆಯಲಿಲ್ಲ.

ಅಂದು ಸೋಮವಾರ. ಚನ್ನಪಟ್ಟಣದ ನಮ್ಮ ಶಾಲೆಯ ಶಿಶು ತರಗತಿಯಲ್ಲಿ ಹದಿನೇಳು ಮಕ್ಕಳು ಜಟಕಾ ಕುದುರೆಗಳಾಗಿ ಕೆನೆಯುತ್ತ ಓಡುತ್ತಿದ್ದರು. ಗದರಿದರೆ ನಿಲ್ಲುವ ಓಟವಲ್ಲ ಅದು. ಅವರ ಉಪಾಧ್ಯಾಯನಾದ ನಾನು ಬೀರು ತೆರೆದು, ಅರಗಿನ ಬಣ್ಣದ ಆರು ಮರದ ಕುದುರೆಗಳನ್ನೂ ಒಂದು ಮೊರ ಹುಣಸೆಬೀಜವನ್ನೂ ಮುಂದಿಟ್ಟೆ. "ಕುದುರೆಗಳು ದಣಿದಿವೆ. ಈ ಬೀಜವೇ ಹುರುಳಿ, ಎಣಿಸಿ ತಿನ್ನಿಸಿ" ಎಂದೆ. ಎಲ್ಲರೂ ಸುತ್ತ ಕೂತರು. ಐದರ ಮುಂದೆ ಎಣಿಸಲು ಬಾರದಿದ್ದ ಮೆಹಬೂಬ ಅಂದು ತಪ್ಪಿಲ್ಲದೆ ಹತ್ತು ಮುಟ್ಟಿದ.

"ಇನ್ನೊಸಿ ಕೊಡಿ ಸಾ, ಇದ್ಕೆ ಹಸಿವು ಜಾಸ್ತಿ. ನಮ್ಮಬ್ಬಾ ಮಾಡಿದ್ ಕುದ್ರೆ ಇದು!"

ಅಷ್ಟರಲ್ಲಿ ಹೆಡ್‌ಮೇಷ್ಟ್ರು ಬಂದರು. "ಇದೇನಯ್ಯ, ಸ್ಕೂಲೋ ಲಾಯವೋ? ಇನ್‌ಸ್ಪೆಕ್ಟರಿಗೆ ತೋರಿಸೋ ಸಾಮಾನು ಕಣಯ್ಯ ಅವು!" ಎಂದು ಕುದುರೆಗಳನ್ನು ಕಿತ್ತುಕೊಂಡರು. ಮೆಹಬೂಬ ಮಾತ್ರ ತನ್ನದನ್ನು ಬಿಡಲಿಲ್ಲ. ಬೆತ್ತ ಬಿದ್ದದ್ದು ಅದಕ್ಕೆ. ಆಮೇಲೆ ಆರೂ ಕುದುರೆಗಳು ಬೀರು ಸೇರಿ, ಬೀಗ ಬಿತ್ತು.

ಗುರುವಾರ ಇನ್‌ಸ್ಪೆಕ್ಟರು ಬಂದು ಕುದುರೆಗಳನ್ನು ತಿರುಗಿಸಿ ನೋಡಿದರು. ಒಂದು ಗೀರೂ ಇಲ್ಲವೆಂದು ಮೆಚ್ಚಿ, ಮಕ್ಕಳು ಬಹಳ ಜೋಪಾನವಾಗಿ ಆಡುತ್ತಾರೆಂದು ಬರೆದು ಹೋದರು.

ಮೆಹಬೂಬ ಶಾಲೆ ಬಿಟ್ಟು ಇಂದಿಗೆ ಹನ್ನೊಂದು ದಿನ. ಹಾಜರಿ ಪುಸ್ತಕದಲ್ಲಿ ಕಾರಣ ಬರೆಯುವ ಕಡೆ ಹೆಡ್‌ಮೇಷ್ಟ್ರು ನನ್ನ ಕೈಯಿಂದಲೇ "ತಂದೆಯ ಅಸಡ್ಡೆ" ಎಂದು ಬರೆಸಿದ್ದಾರೆ. ಅಲ್ಲಿ ಹೊಡೆದುಹಾಕಲು ನನಗೆ ಅಧಿಕಾರವಿಲ್ಲದ ಆ ಸುಳ್ಳನ್ನು ಇಲ್ಲಿ, ಈ ಬರಹದಲ್ಲಿ, ಹೊಡೆದುಹಾಕುತ್ತಿದ್ದೇನೆ.