ಮಸ್ಸೂರಿಯಲ್ಲಿ ಒಡೆಯದ ಕಾಯಿ

"ಟಿಕೆಟ್ ಆಗೈತಲ್ಲ, ನೀವು ಹೋಗಿ ಬರ್ರಿ. ಆ ಬೆಟ್ಟದ ದೇವಿಗೆ ನನ್ನ ಹೆಸರಲ್ಲಿ ಒಂದು ಕಾಯಿ ಒಡೆಸ್ರಿ." ನನ್ನ ಹೆಂಡತಿ ರತ್ನಮ್ಮ ಸಾಯುವ ಮುಂಚೆ ಕೊನೆಗೆ ಆಡಿದ ಮಾತು ಇದು.

ಹಿರಿಯೂರಿನಲ್ಲಿ ಕಾಯಿ ಸುಲಿಯುವವನು ನಾನು. ಕಿವಿ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದು ಕೇಳಿ, ಒಳ್ಳೆ ಕಾಯಿ ಆರಿಸಿ ಮಸ್ಸೂರಿಗೆ ಒಯ್ದೆ. ಅಲ್ಲಿನ ಜೀಪ್ ಡ್ರೈವರ್‌ಗೆ ಎಲ್ಲವೂ ಪಾಯಿಂಟೇ. ಸೂರ್ಯ ಮುಳುಗುವುದು ಒಂದು ಪಾಯಿಂಟ್, ಕೂಗಿದರೆ ದನಿ ತಿರುಗಿ ಬರುವುದು ಇನ್ನೊಂದು. ಕೊನೆಗೆ ದೇವಿ ಗುಡಿ.

ಪೂಜಾರಿ ಕಾಯಿಯನ್ನು ದೇವಿಯ ಪಾದಕ್ಕೆ ಮುಟ್ಟಿಸಿ ಇಡಿಯಾಗಿ ನನ್ನ ಕೈಗೇ ಇಟ್ಟರು. ಒಡೆಯದ ಪೂಜೆ ನಾನು ಕಂಡಿರಲಿಲ್ಲ.

"ಒಡೀರಿ ಸ್ವಾಮಿ," ಅಂದೆ, ಪೇಟೆಯಲ್ಲಿ ಕಲಿತ ಹಿಂದಿಯಲ್ಲಿ.

"ಇಲ್ಲಿ ಒಡೆಯೋದಿಲ್ಲ. ಮನೆಗೆ ಒಯ್ದು ಹೆಂಡತಿ ಕೈಗೆ ಕೊಡಿ, ಒಳ್ಳೇದಾಗ್ತದೆ."

ಕಾಯಿ ಹಿಡಿದು ಮೆಟ್ಟಿಲು ಇಳಿದೆ.

ಮಾರನೆ ಬೆಳಿಗ್ಗೆ ಹಿಮದ ಬೆಟ್ಟ ಕಾಣುವ ಕಡೆ ಜೀಪು ನಿಲ್ಲಿಸಿ ಅಂದೆ. ರಸ್ತೆ ಬದಿಯ ಬಂಡೆಗೆ ಕಾಯಿ ಒಡೆದೆ. ಒಂದು ಹೋಳು ಬಂಡೆ ಮೇಲಿಟ್ಟೆ, ಇನ್ನೊಂದು ಡ್ರೈವರ್‌ಗೆ ಕೊಟ್ಟೆ.

"ಚಾಚಾ, ಇದ್ಯಾವ ಪಾಯಿಂಟು?" ಅಂದ, ಅಗಿಯುತ್ತಾ.

"ರತ್ನಮ್ಮ ಪಾಯಿಂಟು," ಅಂದೆ.

ಅವನು ಆ ಹೆಸರನ್ನು ಎರಡು ಸಲ ಹೇಳಿ ಕಲಿತುಕೊಂಡ. ಬಂದವರಿಗೆ ತೋರಿಸಲು ಇನ್ನೊಂದು ಸಿಕ್ಕಿತಲ್ಲ.